ಕೆಲಸದ ಒತ್ತಡಕ್ಕೆ ಹೊಣೆ ಯಾರು? ಯುರೋಪು ಹುಡುಕಿಕೊಂಡ ಉತ್ತರ

ಯುರೋಪಿನ ಆಫೀಸು ಅಂದರೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಸಂಜೆ ಐದಕ್ಕೆ ಖಾಲಿಯಾಗುವ ಕುರ್ಚಿಗಳು, ವಾರಗಟ್ಟಲೆ ಬೇಸಿಗೆ ರಜೆ, ಭಾನುವಾರ ಬಾಗಿಲು ಹಾಕುವ ಅಂಗಡಿಗಳು. ಕಾನೂನೂ ಇದಕ್ಕೆ ತಕ್ಕಂತೆಯೇ ಇದೆ. ಯುರೋಪಿಯನ್ ಒಕ್ಕೂಟದ 2003ರ ನಿರ್ದೇಶನದ (ಅಂದರೆ ಸದಸ್ಯ ದೇಶಗಳು ತಮ್ಮ ಕಾನೂನಿಗೆ ಸೇರಿಸಲೇಬೇಕಾದ ನಿಯಮದ) ಪ್ರಕಾರ ವಾರಕ್ಕೆ ಸರಾಸರಿ 48 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ಇವತ್ತಿನ ಕೆಲಸ ಮುಗಿದ ಮೇಲೆ ನಾಳೆಯ ಕೆಲಸಕ್ಕೆ ಮುಂಚೆ 11 ಗಂಟೆ ಬಿಡುವು ಬೇಕು. ವರ್ಷಕ್ಕೆ ಕನಿಷ್ಠ ನಾಲ್ಕು ವಾರ ಸಂಬಳ ಸಹಿತ ರಜೆ ಕೊಡಬೇಕು. ಇಷ್ಟೆಲ್ಲ ಇದ್ದ ಮೇಲೆ ಅಲ್ಲಿನ ಜನಕ್ಕೆ ಟೆನ್ಶನ್ ಎಲ್ಲಿಂದ ಬರಬೇಕು, ಅಲ್ವಾ?

ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಕೆಲಸದ ಸುರಕ್ಷತೆ ಮತ್ತು ಆರೋಗ್ಯಕ್ಕೆಂದೇ ಯುರೋಪಿಯನ್ ಒಕ್ಕೂಟದ ಒಂದು ಸಂಸ್ಥೆ ಇದೆ. ಸ್ಪೇನಿನ ಬಿಲ್ಬಾವೊ ನಗರದಲ್ಲಿ ಅದರ ಕಚೇರಿ. ಈ ಸಂಸ್ಥೆ 2022ರಲ್ಲಿ 27,000ಕ್ಕೂ ಹೆಚ್ಚು ಕೆಲಸಗಾರರನ್ನು ಮಾತಾಡಿಸಿತು. ಅವರಲ್ಲಿ ಶೇಕಡಾ 27ರಷ್ಟು ಜನ ಕೆಲಸದಿಂದಲೇ ತಮಗೆ ಒತ್ತಡ, ಖಿನ್ನತೆ ಅಥವಾ ಆತಂಕ ಬಂದಿದೆ, ಇಲ್ಲವೇ ಮೊದಲೇ ಇದ್ದದ್ದು ಜಾಸ್ತಿಯಾಗಿದೆ ಎಂದರು. ಶೇಕಡಾ 46ರಷ್ಟು ಜನ ಸಮಯದ ಒತ್ತಡ ಅಥವಾ ಕೆಲಸದ ಹೊರೆ ಮಿತಿಮೀರಿದೆ ಎಂದರು. ಮಾನಸಿಕ ತೊಂದರೆ ಇದೆ ಎಂದು ಹೇಳಿಕೊಂಡರೆ ಕೆರಿಯರ್‌ಗೆ ಪೆಟ್ಟು ಬೀಳುತ್ತದೆ ಎಂದು ಅರ್ಧದಷ್ಟು ಜನ ನಂಬಿದ್ದರು. ಈ ಕೊನೆಯ ಉತ್ತರ ನಮ್ಮ ಯಾವುದೇ ಆಫೀಸಿನಲ್ಲಿ ಕೇಳಿದರೂ ಬರಬಹುದಾದ ಉತ್ತರ.

ಹಾಗಾದರೆ ಯುರೋಪಿನಿಂದ ತಿಳಿಯುವುದು ಏನಿದೆ? ನನ್ನ ಪ್ರಕಾರ ಒಂದು ದೊಡ್ಡ ವಿಷಯ ಇದೆ. ಒಬ್ಬ ಕೆಲಸಗಾರ ಕುಸಿದಾಗ ನಾವು ಸಾಮಾನ್ಯವಾಗಿ ಕೇಳುವುದು “ಅವನಿಗೆ ಏನಾಯಿತು?” ಎಂದು. ಯುರೋಪಿನ ವಿಜ್ಞಾನಿಗಳು, ಕಾರ್ಮಿಕ ಸಂಘಗಳು, ಆಮೇಲೆ ನ್ಯಾಯಾಲಯಗಳು ಐವತ್ತು ವರ್ಷಗಳಿಂದ ಇನ್ನೊಂದು ಪ್ರಶ್ನೆ ಕೇಳುತ್ತಾ ಬಂದಿವೆ: “ಆ ಕೆಲಸದಲ್ಲಿ ಏನು ತಪ್ಪಿದೆ?” ಪೂರ್ತಿ ಗೆದ್ದಿದ್ದಾರೆ ಎಂದಲ್ಲ. ಆದರೆ ಪ್ರಶ್ನೆ ಬದಲಾದರೆ ಉತ್ತರವೂ ಬದಲಾಗುತ್ತದೆ. ಅದು ಹೇಗೆ ಎಂದು ನೋಡೋಣ.

ಸಾಹೇಬರ ಹೃದಯ, ಜವಾನರ ಹೃದಯ

ಲಂಡನ್ನಿನ ವೈಟ್‌ಹಾಲ್ ಬ್ರಿಟನ್ನಿನ ಸರ್ಕಾರಿ ಕಚೇರಿಗಳಿರುವ ಬೀದಿ. 1967ರಲ್ಲಿ ಅಲ್ಲಿನ ಸುಮಾರು 18,000 ಗಂಡಸು ನೌಕರರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಒಂದು ಅಧ್ಯಯನ ಶುರುವಾಯಿತು. ಹೃದಯಾಘಾತ ದೊಡ್ಡ ಅಧಿಕಾರಿಗಳ ಕಾಯಿಲೆ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ದೊಡ್ಡ ಜವಾಬ್ದಾರಿ, ದೊಡ್ಡ ನಿರ್ಧಾರ, ಹಾಗಾಗಿ ದೊಡ್ಡ ಟೆನ್ಶನ್.

ಲೆಕ್ಕ ಬಂದಾಗ ಕಂಡದ್ದು ಇದರ ತದ್ವಿರುದ್ಧ. ಅತಿ ಮೇಲಿನ ದರ್ಜೆಯ ಅಧಿಕಾರಿಗಳಿಗೆ ಹೋಲಿಸಿದರೆ ಅತಿ ಕೆಳಗಿನ ದರ್ಜೆಯ ಜವಾನರು, ಬಾಗಿಲು ಕಾಯುವವರು ಹೃದಯ ಕಾಯಿಲೆಯಿಂದ ಸಾಯುವ ಪ್ರಮಾಣ ಮೂರು ಪಟ್ಟಿಗಿಂತ ಜಾಸ್ತಿ ಇತ್ತು. ಬೀಡಿ ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಈ ವ್ಯತ್ಯಾಸದ ಒಂದು ಭಾಗಕ್ಕೆ ಮಾತ್ರ ಕಾರಣ ಸಿಕ್ಕಿತು. ಇನ್ನೂ ಗಮನಿಸಬೇಕಾದ ಸಂಗತಿ ಒಂದಿದೆ. ಇವರಲ್ಲಿ ಯಾರೂ ಹೊಟ್ಟೆಗಿಲ್ಲದ ಬಡವರಲ್ಲ. ಸರ್ಕಾರಿ ನೌಕರಿ, ತಿಂಗಳ ಸಂಬಳ, ಸರ್ಕಾರದ ಉಚಿತ ವೈದ್ಯಕೀಯ ಸೇವೆ ಎಲ್ಲರಿಗೂ ಇತ್ತು. ಆದರೂ ಒಂದೊಂದು ಮೆಟ್ಟಿಲು ಕೆಳಗಿಳಿದಂತೆ ಸಾವಿನ ಪ್ರಮಾಣ ಏರುತ್ತಿತ್ತು.

ಏಕೆ? ಇದನ್ನು ತಿಳಿಯಲು 1985ರಲ್ಲಿ ಮೈಕೆಲ್ ಮಾರ್ಮಟ್ ಅವರ ತಂಡ ಎರಡನೇ ವೈಟ್‌ಹಾಲ್ ಅಧ್ಯಯನ ಶುರು ಮಾಡಿತು. ಈ ಸಲ ಹೆಂಗಸರೂ ಸೇರಿ 10,308 ನೌಕರರು. ಕೆಲಸ ಎಷ್ಟಿದೆ ಎಂದು ಮಾತ್ರ ಕೇಳಲಿಲ್ಲ. ಆ ಕೆಲಸದ ಮೇಲೆ ನಿಮಗೆ ಎಷ್ಟು ಹಿಡಿತವಿದೆ ಎಂದೂ ಕೇಳಿದರು. ಯಾವುದನ್ನು ಮೊದಲು ಮಾಡಬೇಕು, ಹೇಗೆ ಮಾಡಬೇಕು, ಯಾವಾಗ ಎದ್ದು ಐದು ನಿಮಿಷ ಹೊರಗೆ ಹೋಗಿ ಬರಬಹುದು, ಇದನ್ನೆಲ್ಲ ನಿರ್ಧರಿಸುವವರು ಯಾರು? ಹಿಡಿತ ಕಡಿಮೆ ಇದ್ದವರಲ್ಲಿ ಮುಂದಿನ ವರ್ಷಗಳಲ್ಲಿ ಹೃದಯ ಕಾಯಿಲೆ ಜಾಸ್ತಿ ಕಾಣಿಸಿಕೊಂಡಿತು. ನೌಕರರು ಸುಮ್ನೆ ಗೊಣಗುತ್ತಿರಬಹುದು ಎಂಬ ಅನುಮಾನಕ್ಕೂ ಉತ್ತರ ಇತ್ತು. ಆಡಳಿತ ವಿಭಾಗದವರೇ ಆ ಹುದ್ದೆಗಳನ್ನು ಅಳೆದು ಅಂಕ ಕೊಟ್ಟಾಗಲೂ ಫಲಿತಾಂಶ ಅದೇ ದಿಕ್ಕಿನಲ್ಲಿತ್ತು.

ಈ ಹೊತ್ತಿಗೆ ಇದನ್ನು ವಿವರಿಸುವ ಒಂದು ಸರಳ ಸೂತ್ರವೂ ಸಿದ್ಧವಿತ್ತು. ಅಮೆರಿಕದ ಸಮಾಜವಿಜ್ಞಾನಿ ರಾಬರ್ಟ್ ಕರಾಸೆಕ್ 1979ರಲ್ಲಿ, ಅಮೆರಿಕ ಮತ್ತು ಸ್ವೀಡನ್ನಿನ ಕೆಲಸಗಾರರ ಮಾಹಿತಿ ಇಟ್ಟುಕೊಂಡು, ಕೆಲಸವನ್ನು ಎರಡು ಅಳತೆಗಳಲ್ಲಿ ನೋಡಿದರು. ಒಂದು, ಕೆಲಸ ನಿಮ್ಮಿಂದ ಎಷ್ಟು ಬೇಡುತ್ತದೆ. ಎರಡು, ಅದರ ಮೇಲೆ ನಿಮಗೆ ಎಷ್ಟು ಹಿಡಿತವಿದೆ. ಬೇಡಿಕೆಯೂ ಜಾಸ್ತಿ, ಹಿಡಿತವೂ ಜಾಸ್ತಿ ಇದ್ದರೆ ಮನುಷ್ಯ ದಣಿಯುತ್ತಾನೆ, ಆದರೆ ಕಲಿಯುತ್ತಾನೆ, ಬೆಳೆಯುತ್ತಾನೆ. ಬೇಡಿಕೆ ಜಾಸ್ತಿ ಇದ್ದು ಹಿಡಿತ ಇಲ್ಲದಿದ್ದರೆ ಕಾಯಿಲೆ ಬೀಳುತ್ತಾನೆ. ಸ್ವೀಡನ್ನಿನ ವೈದ್ಯ ತೊರೆಸ್ ಥಿಯೊರೆಲ್ ಜೊತೆ ಅವರು ಈ ವಿಚಾರವನ್ನು ಇನ್ನಷ್ಟು ಬೆಳೆಸಿದರು. ಮುಂದೆ ಮೂರನೇ ಅಳತೆಯೊಂದು ಸೇರಿತು: ಕಷ್ಟದಲ್ಲಿ ಜೊತೆಗೆ ನಿಲ್ಲುವ ಸಹೋದ್ಯೋಗಿ ಅಥವಾ ಮೇಲಧಿಕಾರಿ ಇದ್ದಾರೋ ಇಲ್ಲವೋ.

ಕಾಲ್ ಸೆಂಟರಿನಲ್ಲಿ ಕೂತವರನ್ನು ನೆನೆಯಿರಿ. ಒಂದು ಕರೆ ಮುಗಿದ ಕೂಡಲೇ ಇನ್ನೊಂದು. ಎಷ್ಟು ನಿಮಿಷ ಮಾತಾಡಬೇಕು, ಯಾವ ಸಾಲು ಓದಬೇಕು ಎಲ್ಲವೂ ಮೊದಲೇ ನಿಗದಿ. ಬೈದರೂ ನಗುದನಿಯಲ್ಲೇ ಉತ್ತರಿಸಬೇಕು. ದಿನಕ್ಕೆ ಎಂಟೇ ಗಂಟೆ ದುಡಿದು ಹೊತ್ತಿಗೆ ಸರಿಯಾಗಿ ಮನೆಗೆ ಹೋದರೂ ಇಂಥ ಕೆಲಸ ಮನುಷ್ಯನನ್ನು ಹಿಂಡಿಹಾಕುತ್ತದೆ. ಕೆಲಸದ ಗಂಟೆ ಮಾತ್ರ ಎಣಿಸುವವರಿಗೆ ಇದು ಕಾಣುವುದೇ ಇಲ್ಲ.

ಹಾಗೆಂದು ಗಂಟೆಗಳು ಲೆಕ್ಕಕ್ಕಿಲ್ಲ ಎಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಅಂದಾಜು ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಮತ್ತು ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಹೆಚ್ಚು. ಹೃದಯ ಕಾಯಿಲೆಯಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಹೆಚ್ಚು.

ಜರ್ಮನಿಯ ಯೊಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಇನ್ನೊಂದು ಕಡೆಯಿಂದ ನೋಡಿದರು. ನಾವು ಹಾಕುವ ಶ್ರಮಕ್ಕೂ ಸಿಗುವ ಪ್ರತಿಫಲಕ್ಕೂ ಸಮ ಇಲ್ಲದಿದ್ದರೆ ದೇಹ ಅದರ ಬೆಲೆ ತೆರುತ್ತದೆ ಎಂದರು. ಪ್ರತಿಫಲ ಅಂದರೆ ಸಂಬಳ ಮಾತ್ರವಲ್ಲ. ಮರ್ಯಾದೆ, ಬಡ್ತಿ, ನಾಳೆಯೂ ಈ ಕೆಲಸ ಇರುತ್ತದೆ ಎಂಬ ಭರವಸೆ, ಎಲ್ಲವೂ ಅದರಲ್ಲಿ ಸೇರಿದೆ. ವರ್ಷಗಟ್ಟಲೆ ದುಡಿದವರನ್ನು ಒಂದು ಇಮೇಲ್‌ನಲ್ಲಿ ಬೇರೆ ವಿಭಾಗಕ್ಕೆ ಎತ್ತಿಹಾಕಿದಾಗ ಆಗುವ ಗಾಯ ಇದೇ ಜಾತಿಯದು. ಫ್ರಾನ್ಸಿನಲ್ಲಿ ಅದು ಎಲ್ಲಿಗೆ ಹೋಗಿ ನಿಂತಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಫ್ರಾನ್ಸ್ ಟೆಲಿಕಾಂ: ಆಡಳಿತದ ನೀತಿಯೇ ಅಪರಾಧವಾದಾಗ

ಫ್ರಾನ್ಸ್ ಟೆಲಿಕಾಂ ಮೊದಲು ಸರ್ಕಾರದ ದೂರವಾಣಿ ಸಂಸ್ಥೆ. ಈಗ ಅದರ ಹೆಸರು ಆರೆಂಜ್. ಅದು ಖಾಸಗಿ ಕಡೆಗೆ ಹೊರಳಿದಾಗಲೂ ಅಲ್ಲಿನ ಬಹುಪಾಲು ನೌಕರರು ಸರ್ಕಾರಿ ನೌಕರರಾಗಿಯೇ ಉಳಿದಿದ್ದರು. ಅವರನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. ಆದರೆ ಸುಮಾರು 1,20,000 ನೌಕರರಲ್ಲಿ 22,000 ಜನರನ್ನು ಮೂರು ವರ್ಷಗಳಲ್ಲಿ ಕಡಿಮೆ ಮಾಡಬೇಕು, ಇನ್ನೂ 10,000 ಜನರ ಕೆಲಸ ಬದಲಿಸಬೇಕು ಎಂದು ಆಡಳಿತ ತೀರ್ಮಾನಿಸಿತು. ತೆಗೆಯಲು ಆಗದಿದ್ದರೆ ಏನು ಮಾಡುವುದು? ಅವರೇ ಬಿಟ್ಟು ಹೋಗುವಂತೆ ಮಾಡುವುದು. ಮುಖ್ಯಸ್ಥರಾಗಿದ್ದ ದಿದಿಯೆ ಲೊಂಬಾರ್ 2006ರಲ್ಲಿ ಹಿರಿಯ ಅಧಿಕಾರಿಗಳ ಸಭೆಯಲ್ಲಿ ಜನ ಕಿಟಕಿಯಿಂದಲೋ ಬಾಗಿಲಿನಿಂದಲೋ ಹೊರಗೆ ಹೋಗುತ್ತಾರೆ ಎಂಬರ್ಥದ ಮಾತಾಡಿದರು.

ಮುಂದಿನದು ಕೆಳಗಿನ ಮ್ಯಾನೇಜರ್‌ಗಳ ಕೈಯಲ್ಲಾಯಿತು. ಎಷ್ಟು ಜನ ಬಿಟ್ಟುಹೋದರು ಎಂಬುದಕ್ಕೂ ಮ್ಯಾನೇಜರ್‌ಗಳ ಬೋನಸ್‌ಗೂ ಗಂಟು ಬಿತ್ತು. ಇಪ್ಪತ್ತು ಮೂವತ್ತು ವರ್ಷ ತಂತಿ, ಕಂಬ, ಯಂತ್ರಗಳ ಜೊತೆ ಬದುಕಿದ್ದ ತಂತ್ರಜ್ಞರನ್ನು ಕಾಲ್ ಸೆಂಟರಿಗೆ ಕೂರಿಸಿದರು. ಮನೆಯಿಂದ ದೂರದ ಊರುಗಳಿಗೆ ಎತ್ತಿಹಾಕಿದರು. ಕೆಲವರಿಗೆ ಮಾಡಲು ಕೆಲಸವೇ ಇಲ್ಲದಂತೆ ಮಾಡಿದರು. ಕೆಲಸ ಕೊಡದೆ ಕೂರಿಸುವುದು ಎಂಥ ಅವಮಾನ ಎಂದು ಅನುಭವಿಸಿದವರಿಗೇ ಗೊತ್ತು.

2008 ಮತ್ತು 2009ರಲ್ಲಿ ಒಂದಾದ ಮೇಲೊಂದು ಆತ್ಮಹತ್ಯೆಗಳು ನಡೆದವು. ಕಾರ್ಮಿಕ ಸಂಘಗಳು ಸುಮ್ಮನೆ ಕೂರಲಿಲ್ಲ. ದೂರು ಕೊಟ್ಟವು, ದಾಖಲೆ ಕೂಡಿಹಾಕಿದವು, ಹತ್ತು ವರ್ಷ ಬೆನ್ನು ಬಿಡಲಿಲ್ಲ. 2019ರಲ್ಲಿ ಪ್ಯಾರಿಸ್ಸಿನಲ್ಲಿ ವಿಚಾರಣೆ ನಡೆದಾಗ ನ್ಯಾಯಾಲಯ 39 ನೌಕರರ ಪ್ರಕರಣಗಳನ್ನು ಪರಿಶೀಲಿಸಿತು. 19 ಜನ ಜೀವ ಕಳೆದುಕೊಂಡಿದ್ದರು. 12 ಜನ ಆತ್ಮಹತ್ಯೆಗೆ ಪ್ರಯತ್ನಿಸಿದ್ದರು. ಎಂಟು ಜನ ತೀವ್ರ ಖಿನ್ನತೆಗೆ ಬಿದ್ದಿದ್ದರು, ಇಲ್ಲವೇ ಕೆಲಸ ಮಾಡಲಾಗದ ಸ್ಥಿತಿಗೆ ಬಂದಿದ್ದರು.

2019ರ ಡಿಸೆಂಬರ್ 20ರಂದು ತೀರ್ಪು ಬಂತು. ಲೊಂಬಾರ್ ಮತ್ತು ಇಬ್ಬರು ಹಿರಿಯ ಅಧಿಕಾರಿಗಳಿಗೆ ತಲಾ ಒಂದು ವರ್ಷ ಜೈಲು, ಅದರಲ್ಲಿ ಎಂಟು ತಿಂಗಳು ಅಮಾನತು (ಮತ್ತೆ ತಪ್ಪು ಮಾಡದಿದ್ದರೆ ಅಷ್ಟನ್ನು ಅನುಭವಿಸಬೇಕಿಲ್ಲ), 15,000 ಯೂರೊ ದಂಡ. ಕಂಪನಿಗೆ 75,000 ಯೂರೊ ದಂಡ. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಲೊಂಬಾರ್ ಅವರ ಜೈಲು ಶಿಕ್ಷೆಯನ್ನು ಪೂರ್ತಿ ಅಮಾನತಿನಲ್ಲಿಟ್ಟಿತು, ಆದರೆ ಅಪರಾಧ ನಿಜವೆಂದೇ ಎತ್ತಿಹಿಡಿಯಿತು. 2025ರ ಜನವರಿಯಲ್ಲಿ ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯವೂ ಅದನ್ನೇ ಹೇಳಿತು.

ಸತ್ತವರ ಮನೆಯವರ ಮುಂದೆ ಈ ಶಿಕ್ಷೆ ಏನೂ ಅಲ್ಲ, ಒಪ್ಪುತ್ತೇನೆ. ಆದರೂ ತೀರ್ಪಿನ ತಿರುಳು ಬಹಳ ದೊಡ್ಡದು. ಫ್ರಾನ್ಸಿನಲ್ಲಿ 2002ರಿಂದಲೇ ಕೆಲಸದ ಜಾಗದ ಮಾನಸಿಕ ಕಿರುಕುಳ ಅಪರಾಧ. ಆದರೆ ಕಿರುಕುಳ ಅಂದರೆ ಒಬ್ಬ ಕೆಟ್ಟ ಬಾಸ್ ಒಬ್ಬ ನೌಕರನಿಗೆ ಕೊಡುವ ಕಾಟ ಎಂದಷ್ಟೇ ಜನ ತಿಳಿದಿದ್ದರು. ಇಲ್ಲಿ ಮುಖ್ಯಸ್ಥರು ಸತ್ತವರನ್ನು ಒಮ್ಮೆಯೂ ಭೇಟಿಯಾಗಿರಬೇಕಾಗಿಲ್ಲ. ನೌಕರರ ಬದುಕನ್ನು ಹದಗೆಡಿಸುವ ನೀತಿಯನ್ನು ತಿಳಿದೂ ತಿಳಿದೂ ಜಾರಿಗೆ ತಂದರೆ ಆ ನೀತಿಯೇ ಕಿರುಕುಳ. ಒಬ್ಬ ದುಷ್ಟನನ್ನು ಹುಡುಕುವ ಬದಲು ವ್ಯವಸ್ಥೆಯನ್ನೇ ಕಟಕಟೆಗೆ ತಂದು ನಿಲ್ಲಿಸಿದ ತೀರ್ಪು ಇದು.

ಇದನ್ನು ಓದುವಾಗ ನಿಮಗೋ ನಿಮ್ಮವರಿಗೋ ಬದುಕು ಬೇಡ ಅನ್ನಿಸುವಷ್ಟು ಭಾರವಾಗಿದ್ದರೆ ದಯವಿಟ್ಟು ಒಬ್ಬರ ಜೊತೆ ಮಾತಾಡಿ. ಭಾರತದಲ್ಲಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಯುರೋಪಿನ ಹಲವು ದೇಶಗಳಲ್ಲಿ 116 123ಕ್ಕೆ ಉಚಿತವಾಗಿ ಕರೆ ಮಾಡಬಹುದು. ತುರ್ತಾದರೆ 112.

ಧೂಳನ್ನು ಹುಟ್ಟುವಲ್ಲೇ ತಡೆಯುವುದು

ಯುರೋಪಿನ ಕೆಲಸದ ಸುರಕ್ಷತೆಯ ತಾಯಿಬೇರು 1989ರ ಒಂದು ನಿರ್ದೇಶನ. ಕೆಲಸಕ್ಕೆ ಸಂಬಂಧಿಸಿದ ಪ್ರತಿಯೊಂದು ವಿಷಯದಲ್ಲೂ ಕೆಲಸಗಾರನ ಸುರಕ್ಷತೆ, ಆರೋಗ್ಯ ಕಾಪಾಡುವುದು ಮಾಲೀಕನ ಹೊಣೆ ಎಂದು ಅದು ಹೇಳುತ್ತದೆ. ಒತ್ತಡ ಎಂಬ ಮಾತನ್ನು ಅದು ಹೆಸರಿಟ್ಟು ಹೇಳುವುದಿಲ್ಲ. ಆದರೆ ಅದರ ಒಳಗಿನ ಕೆಲವು ತತ್ವಗಳು ನನಗೆ ತುಂಬಾ ಇಷ್ಟ. ಅಪಾಯವನ್ನು ಅದು ಹುಟ್ಟುವಲ್ಲೇ ತಡೆಯಬೇಕು. ಕೆಲಸವನ್ನು ಮನುಷ್ಯನಿಗೆ ಹೊಂದಿಸಬೇಕು. ಒಬ್ಬೊಬ್ಬರಿಗೆ ರಕ್ಷಣೆ ಕೊಡುವ ಮುಂಚೆ ಎಲ್ಲರಿಗೂ ಅನ್ವಯಿಸುವ ಕ್ರಮ ತೆಗೆದುಕೊಳ್ಳಬೇಕು.

ಕಾರ್ಖಾನೆಯ ಯಂತ್ರ ಧೂಳು ಕಾರುತ್ತಿದ್ದರೆ ಮೊದಲು ಮಾಡಬೇಕಾದದ್ದು ಯಂತ್ರಕ್ಕೆ ಧೂಳು ಹೀರುವ ಕೊಳವೆ ಹಾಕುವುದು. ಮೂಗಿಗೆ ಮಾಸ್ಕ್ ಕೊಡುವುದು ಕೊನೆಯ ಉಪಾಯ. ಮನಸ್ಸಿಗೂ ಇದೇ ನಿಯಮ. ಹತ್ತು ಜನರ ಕೆಲಸವನ್ನು ಆರು ಜನರ ಮೇಲೆ ಹೇರಿ, ಆಮೇಲೆ ಆ ಆರು ಜನರಿಗೆ ಧ್ಯಾನದ ಆ್ಯಪ್ ಕೊಡುವುದು ಮಾಸ್ಕ್ ಕೊಟ್ಟಂತೆ.

2004ರಲ್ಲಿ ಯುರೋಪಿನ ಕಾರ್ಮಿಕ ಸಂಘಗಳ ಒಕ್ಕೂಟ ಮತ್ತು ಮಾಲೀಕರ ಸಂಘಟನೆಗಳು ಕೆಲಸದ ಒತ್ತಡದ ಬಗ್ಗೆ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಆಮೇಲೆ ದೇಶಗಳು ತಮ್ಮ ತಮ್ಮ ಕಾಯ್ದೆ ಮಾಡಿಕೊಂಡವು. ಇಟಲಿ 2008ರಲ್ಲಿ ಒತ್ತಡದ ಅಪಾಯವನ್ನೂ ಅಳೆಯಬೇಕೆಂದು ಬರೆಯಿತು. ಜರ್ಮನಿ ತನ್ನ 1996ರ ಕಾರ್ಮಿಕ ರಕ್ಷಣಾ ಕಾಯ್ದೆಗೆ 2013ರಲ್ಲಿ ಮಾನಸಿಕ ಹೊರೆ ಎಂಬ ಅಂಶ ಸೇರಿಸಿತು. ಬೆಲ್ಜಿಯಂನ 2014ರ ಕಾಯ್ದೆಯಲ್ಲಿ ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಿಂದ ಪೂರ್ತಿ ಬತ್ತಿಹೋಗುವುದನ್ನು ತಡೆಯುವುದೂ ಬಂತು. ಎಲ್ಲಕ್ಕಿಂತ ನೇರವಾಗಿ ಮಾತಾಡಿದ್ದು ಸ್ವೀಡನ್. 2016ರ ಮಾರ್ಚಿನಲ್ಲಿ ಜಾರಿಗೆ ಬಂದ ಅಲ್ಲಿನ ನಿಯಮದ ಪ್ರಕಾರ, ಒಬ್ಬರಿಗೆ ಕೊಟ್ಟ ಕೆಲಸ ಅದಕ್ಕೆ ಬೇಕಾದ ಸಮಯ, ಜನ, ಸಲಕರಣೆಗಿಂತ ಜಾಸ್ತಿ ಆಗದಂತೆ ನೋಡಿಕೊಳ್ಳುವುದು ಮಾಲೀಕನ ಕರ್ತವ್ಯ.

ಕಾಗದದಲ್ಲಿ ಇಷ್ಟು ಚೆನ್ನಾಗಿರುವುದು ನೆಲದ ಮೇಲೆ ಎಲ್ಲ ಕಡೆ ಹಾಗೆ ಇಲ್ಲ. ಯಂತ್ರದ ಶಬ್ದ ಅಳೆಯಲು ಮೀಟರ್ ಇದೆ, ಬಾಸ್‌ನ ತಿರಸ್ಕಾರ ಅಳೆಯಲು ಇಲ್ಲ. ಚಿಕ್ಕ ಕಂಪನಿಗಳಲ್ಲಿ ಈ ಪರಿಶೀಲನೆ ಅನೇಕ ಸಲ ಫಾರ್ಮ್ ತುಂಬುವುದಕ್ಕೇ ಮುಗಿಯುತ್ತದೆ. ಒತ್ತಡದ ಬಗ್ಗೆಯೇ ಒಂದು ಪ್ರತ್ಯೇಕ ನಿರ್ದೇಶನ ಬೇಕು ಎಂದು ಕಾರ್ಮಿಕ ಸಂಘಗಳು ವರ್ಷಗಳಿಂದ ಕೇಳುತ್ತಿವೆ. ಅವರ ಬೇಡಿಕೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ.

ಡಾಕ್ಟರ್ ರಜೆ ಬರೆದುಕೊಟ್ಟರೆ

ಬರ್ನ್‌ಔಟ್ ಒಂದು ಕಾಯಿಲೆಯೇ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ತನ್ನ ಹೊಸ ರೋಗಪಟ್ಟಿಯಲ್ಲಿ ಸೇರಿಸಿತು, ಆದರೆ ಕಾಯಿಲೆಯಾಗಿ ಅಲ್ಲ, ಕೆಲಸಕ್ಕೆ ಸಂಬಂಧಿಸಿದ ಒಂದು ಸ್ಥಿತಿಯಾಗಿ. ಮೂರು ಲಕ್ಷಣ ಹೇಳಿತು. ಶಕ್ತಿಯೆಲ್ಲ ಬತ್ತಿಹೋದ ಸುಸ್ತು. ಕೆಲಸದ ಬಗ್ಗೆ ದೂರವಾದ ಭಾವ, ಯಾವುದರಲ್ಲೂ ನಂಬಿಕೆ ಇಲ್ಲದಿರುವುದು. ನನ್ನಿಂದ ಏನೂ ಆಗುತ್ತಿಲ್ಲ ಎಂಬ ಅನಿಸಿಕೆ. ಸ್ವೀಡನ್ ಇನ್ನೂ ಮುಂದೆ ಹೋಗಿ, ದೀರ್ಘ ಒತ್ತಡದಿಂದ ಬರುವ ಬಳಲಿಕೆಯನ್ನು 2005ರಿಂದಲೇ ಒಂದು ರೋಗನಿರ್ಣಯವಾಗಿ ಒಪ್ಪಿಕೊಂಡಿದೆ. ಜರ್ಮನಿಯಲ್ಲಿ ಡಾಕ್ಟರು ಸಾಮಾನ್ಯವಾಗಿ ಖಿನ್ನತೆ ಅಥವಾ ಹೊಂದಾಣಿಕೆಯ ತೊಂದರೆ ಎಂದು ಬರೆಯುತ್ತಾರೆ.

ಜರ್ಮನಿಯಲ್ಲಿ ಈಗ ಕನ್ನಡಿಗರೂ ಬಹಳ ಇದ್ದಾರೆ. ಹಾಗಾಗಿ ಅಲ್ಲಿನ ವ್ಯವಸ್ಥೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೆಲಸಕ್ಕೆ ಸೇರಿ ನಾಲ್ಕು ವಾರ ಆಗಿದ್ದರೆ, ಕಾಯಿಲೆ ಬಿದ್ದಾಗ ಮೊದಲ ಆರು ವಾರ ಕಂಪನಿಯೇ ಪೂರ್ತಿ ಸಂಬಳ ಕೊಡಬೇಕು. ಆಮೇಲೆ ಸರ್ಕಾರಿ ಆರೋಗ್ಯ ವಿಮೆ ಇರುವವರಿಗೆ ವಿಮಾ ಸಂಸ್ಥೆ ಸಂಬಳದ ಸುಮಾರು ಶೇಕಡಾ 70ರಷ್ಟು ಕೊಡುತ್ತದೆ. ಒಂದೇ ಕಾಯಿಲೆಗೆ ಮೂರು ವರ್ಷಗಳಲ್ಲಿ ಮೊದಲ ಆರು ವಾರವೂ ಸೇರಿ ಒಟ್ಟು 78 ವಾರ ಮಿತಿ. ಮನಸ್ಸಿನ ಕಾಯಿಲೆಗೂ ಕೈಕಾಲು ಮುರಿದದ್ದಕ್ಕೂ ಇದರಲ್ಲಿ ವ್ಯತ್ಯಾಸವಿಲ್ಲ. ಡಾಕ್ಟರ್ ಕೊಡುವ ರಜೆಯ ಪತ್ರದ ಮಾಹಿತಿ ಕಂಪನಿಗೆ ಹೋಗುತ್ತದೆ, ಆದರೆ ಕಾಯಿಲೆ ಏನೆಂಬುದು ಹೋಗುವುದಿಲ್ಲ. ಬಾಸ್‌ಗೆ ಅದನ್ನು ಹೇಳಲೇಬೇಕೆಂಬ ನಿಯಮವೂ ಇಲ್ಲ.

ಒಂದು ವರ್ಷದಲ್ಲಿ ಆರು ವಾರಕ್ಕಿಂತ ಜಾಸ್ತಿ ರಜೆ ಆದರೆ, ಮರಳಿ ಬರಲು ಏನು ಬದಲಿಸಬೇಕು ಎಂದು ಮಾತಾಡೋಣ ಬನ್ನಿ ಎಂದು ಕಂಪನಿ ಕರೆಯಬೇಕು. ಒಪ್ಪುವುದು ಬಿಡುವುದು ನೌಕರರ ಇಷ್ಟ. ಮೊದಲು ದಿನಕ್ಕೆ ಎರಡು ಮೂರು ಗಂಟೆ, ಆಮೇಲೆ ನಾಲ್ಕು, ಹೀಗೆ ಮೆಲ್ಲಗೆ ಪೂರ್ತಿ ಕೆಲಸಕ್ಕೆ ಮರಳುವ ದಾರಿಯೂ ಇದೆ. ಇದರಲ್ಲಿ ದೊಡ್ಡ ತೊಡಕು ಚಿಕಿತ್ಸೆಯದು. ಮಾತಿನ ಚಿಕಿತ್ಸೆಗೆ ವಿಮೆ ಹಣ ಕೊಡುತ್ತದೆ, ಆದರೆ ಸರದಿ ಬರಲು ತಿಂಗಳುಗಟ್ಟಲೆ ಕಾಯಬೇಕು. ಕನ್ನಡ ಬಿಡಿ, ಇಂಗ್ಲಿಷ್ ಮಾತಾಡುವ ಚಿಕಿತ್ಸಕರು ಸಿಗುವುದೂ ಕಷ್ಟ.

ನೆದರ್ಲೆಂಡ್ಸ್ ಇನ್ನೂ ಗಟ್ಟಿ. ಅಲ್ಲಿ ಎರಡು ವರ್ಷದವರೆಗೆ ಕನಿಷ್ಠ ಶೇಕಡಾ 70ರಷ್ಟು ಸಂಬಳ ಕೊಡುವುದು ಮಾಲೀಕನ ಹೊಣೆ. ಹಾಗಾಗಿ ನೌಕರ ಕಾಯಿಲೆ ಬೀಳದಂತೆ, ಬಿದ್ದರೆ ಬೇಗ ಏಳುವಂತೆ ನೋಡಿಕೊಳ್ಳುವುದು ಮಾಲೀಕನಿಗೂ ಲಾಭ. ಕಾನೂನು ಮಾಡುವವರು ಬುದ್ಧಿವಂತಿಕೆಯಿಂದ ಖರ್ಚನ್ನು ಸರಿಯಾದ ಕಡೆ ಇಟ್ಟಿದ್ದಾರೆ.

ಆದರೆ ವಲಸೆ ಹೋದವರು ಈ ಹಕ್ಕು ಬಳಸುವುದು ಕಡಿಮೆ. ಕೆಲಸ ಹೋದರೆ ವೀಸಾ ಹೋಗುತ್ತದೆ ಎಂಬ ಭಯ ಒಂದು ಕಡೆ, ಊರಿನಲ್ಲಿ ಅಪ್ಪ ಅಮ್ಮನಿಗೆ ಏನು ಹೇಳುವುದು ಎಂಬುದು ಇನ್ನೊಂದು ಕಡೆ. ಯುರೋಪಿಯನ್ ಬ್ಲೂ ಕಾರ್ಡ್ (ಹೊರದೇಶದ ನುರಿತ ಕೆಲಸಗಾರರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ) ಇರುವವರು ಇದನ್ನು ತಿಳಿದಿರಬೇಕು. ಕಾಯಿಲೆಯಿಂದ ಸಂಬಳ ತಾತ್ಕಾಲಿಕವಾಗಿ ಕಾರ್ಡಿಗೆ ಬೇಕಾದ ಮಿತಿಗಿಂತ ಕೆಳಗಿಳಿದರೆ ಅಷ್ಟಕ್ಕೇ ಕಾರ್ಡ್ ಕಿತ್ತುಕೊಳ್ಳುವಂತಿಲ್ಲ ಎಂದು 2021ರ ನಿರ್ದೇಶನ ಹೇಳುತ್ತದೆ. ಕೆಲಸವೇ ಹೋದರೂ ಹೊಸ ಕೆಲಸ ಹುಡುಕಲು ಮೂರು ತಿಂಗಳು, ಕಾರ್ಡ್ ಪಡೆದು ಎರಡು ವರ್ಷ ಆಗಿದ್ದರೆ ಆರು ತಿಂಗಳು ಅವಕಾಶವಿದೆ.

ಫೋನ್ ಆಫ್ ಮಾಡುವ ಹಕ್ಕು

ಮೊಬೈಲು ಬಂದ ಮೇಲೆ ಆಫೀಸು ಮನೆಯೊಳಗೇ ಬಂತು. ಜರ್ಮನಿಯ ಫೋಕ್ಸ್‌ವ್ಯಾಗನ್ 2011ರಲ್ಲಿ ನೌಕರರ ಪ್ರತಿನಿಧಿಗಳ ಜೊತೆ ಒಪ್ಪಂದ ಮಾಡಿಕೊಂಡು, ಶಿಫ್ಟ್ ಮುಗಿದ ಅರ್ಧ ಗಂಟೆಗೆ ಕೆಲವು ನೌಕರರ ಫೋನಿಗೆ ಆಫೀಸಿನ ಇಮೇಲ್ ಹೋಗುವುದನ್ನೇ ನಿಲ್ಲಿಸಿತು. ಫ್ರಾನ್ಸಿನಲ್ಲಿ 2017ರ ಜನವರಿ 1ರಿಂದ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು ಕೆಲಸದ ನಂತರದ ಸಂಪರ್ಕದ ಬಗ್ಗೆ ನೌಕರರ ಜೊತೆ ಮಾತಾಡಿ ನಿಯಮ ಮಾಡಿಕೊಳ್ಳಬೇಕು. ಸ್ಪೇನ್ 2018ರಲ್ಲಿ ಇಂಥದೇ ಹಕ್ಕು ಕೊಟ್ಟಿತು. ಐರ್ಲೆಂಡ್ 2021ರಲ್ಲಿ ಒಂದು ನೀತಿಸಂಹಿತೆ ತಂದಿತು.

ಪೋರ್ಚುಗಲ್ ಇದನ್ನು ತಲೆಕೆಳಗು ಮಾಡಿತು. 2022ರಿಂದ ಅಲ್ಲಿ, ತುರ್ತು ಬಿಟ್ಟರೆ, ಬಿಡುವಿನ ವೇಳೆಯಲ್ಲಿ ನೌಕರರನ್ನು ಸಂಪರ್ಕಿಸದೇ ಇರುವುದು ಮಾಲೀಕನ ಕರ್ತವ್ಯ. ತಪ್ಪಿದರೆ ದಂಡ. ಇದೇ ಸರಿಯಾದ ದಾರಿ ಅನ್ನಿಸುತ್ತದೆ. ಫೋನ್ ಎತ್ತದಿರುವ ಹಕ್ಕು ಕೊಟ್ಟರೆ, ಎತ್ತದಿರುವ ಧೈರ್ಯ ಮಾಡಬೇಕಾದವರು ನೌಕರರು. ಕರೆ ಮಾಡಬೇಡಿ ಎಂದರೆ ಹೊಣೆ ಮಾಡುವವರ ಮೇಲೆ ಬರುತ್ತದೆ.

ಯೋಗ ತರಗತಿಯೋ, ನಾಲ್ಕು ದಿನದ ವಾರವೋ

ಕಂಪನಿಗಳು ಒತ್ತಡಕ್ಕೆ ಸಾಮಾನ್ಯವಾಗಿ ಕೊಡುವ ಔಷಧ ಧ್ಯಾನದ ಆ್ಯಪ್, ಒತ್ತಡ ತಾಳುವ ತರಬೇತಿ, ಶುಕ್ರವಾರದ ಯೋಗ. ಇದರಿಂದ ಎಷ್ಟು ಉಪಯೋಗ? ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ಕೆಲಸಗಾರರ ಮಾಹಿತಿ ನೋಡಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಂಥ ಕಾರ್ಯಕ್ರಮಗಳಿಗೆ ಹೋದವರಿಗೂ ಹೋಗದವರಿಗೂ ಮಾನಸಿಕ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಧ್ಯಾನ, ಯೋಗ ಕೆಟ್ಟದ್ದೆಂದು ಇದರ ಅರ್ಥವಲ್ಲ. ಕೆಲಸ ಹಾಗೇ ಇದ್ದರೆ ಅವುಗಳಿಗೆ ಅದನ್ನು ಸರಿಮಾಡುವ ಶಕ್ತಿ ಇಲ್ಲ, ಅಷ್ಟೇ.

ಕೆಲಸವನ್ನೇ ಬದಲಿಸಿದ ಪ್ರಯೋಗ ಬೇರೆ ಕಥೆ ಹೇಳುತ್ತದೆ. 2022ರಲ್ಲಿ ಬ್ರಿಟನ್ನಿನ 61 ಕಂಪನಿಗಳು ಸಂಬಳ ಕಡಿಮೆ ಮಾಡದೆ ಆರು ತಿಂಗಳು ವಾರಕ್ಕೆ ನಾಲ್ಕು ದಿನದ ಕೆಲಸ ನಡೆಸಿ ನೋಡಿದವು. ಸುಮಾರು 2,900 ನೌಕರರು ಇದರಲ್ಲಿದ್ದರು. ಶೇಕಡಾ 71ರಷ್ಟು ಜನರ ಬರ್ನ್‌ಔಟ್ ಕಡಿಮೆಯಾಯಿತು, ಶೇಕಡಾ 39ರಷ್ಟು ಜನರ ಒತ್ತಡ ಕಡಿಮೆಯಾಯಿತು. ತಾವಾಗಿಯೇ ಮುಂದೆ ಬಂದ ಕಂಪನಿಗಳು ಇವು, ಹಾಗಾಗಿ ಎಲ್ಲ ಕಡೆ ಹೀಗೇ ಆಗುತ್ತದೆ ಎನ್ನಲು ಬರುವುದಿಲ್ಲ. ಆದರೆ ಆ ಕಂಪನಿಗಳು ದಿನ ಉಳಿಸಲು ಮೊದಲು ಮಾಡಿದ್ದು ಬೇಡದ ಮೀಟಿಂಗ್‌ಗಳನ್ನು ಕತ್ತರಿಸುವುದು, ಕೆಲಸವನ್ನು ಹೊಸದಾಗಿ ಹಂಚುವುದು. ಉಪಯೋಗ ಅಲ್ಲಿಂದಲೂ ಬಂದಿರಬಹುದು.

ಬ್ರಿಟನ್ನಿನ ಕೆಲಸದ ಸುರಕ್ಷತಾ ಇಲಾಖೆ 2004ರಲ್ಲೇ ಆರು ವಿಷಯ ಗಮನಿಸಿ ಎಂದಿತ್ತು: ಹೊರೆ, ಹಿಡಿತ, ಬೆಂಬಲ, ಜನರ ನಡುವಿನ ಸಂಬಂಧ, ನನ್ನ ಕೆಲಸ ಯಾವುದೆಂಬ ಸ್ಪಷ್ಟತೆ, ಬದಲಾವಣೆಯನ್ನು ನಡೆಸುವ ರೀತಿ. ನಿಮ್ಮ ತಂಡದಲ್ಲಿ ಯಾರಾದರೂ ಬಾಡಿದಂತೆ ಕಂಡರೆ ಅವರಿಗೆ ರೆಸ್ಟ್ ತಗೋ ಎನ್ನುವ ಮುಂಚೆ ಈ ಆರನ್ನು ನೋಡಿ. ಮ್ಯಾನೇಜರ್ ಆಗಿರುವವರಿಗೆ ಇದಕ್ಕಿಂತ ಉಪಯೋಗದ ಪಟ್ಟಿ ನಾನು ಕಂಡಿಲ್ಲ.

ಬೇಲಿಯ ಆಚೆ ಉಳಿದವರು

ಇಷ್ಟೆಲ್ಲ ರಕ್ಷಣೆ ಚೆನ್ನಾಗಿ ತಲುಪುವುದು ಖಾಯಂ ಕೆಲಸ, ಗಟ್ಟಿ ಸಂಘ ಇರುವವರಿಗೆ. ಆಸ್ಪತ್ರೆಯ ನರ್ಸ್, ವೃದ್ಧಾಶ್ರಮದ ಆರೈಕೆಯವರು, ಗೋದಾಮಿನಲ್ಲಿ ಸಾಮಾನು ಜೋಡಿಸುವವರು, ಊಟ ತಲುಪಿಸುವ ಹುಡುಗರು ಇದರ ಅಂಚಿನಲ್ಲಿದ್ದಾರೆ. ಮಂಗಳೂರು, ಉಡುಪಿ ಕಡೆ ನರ್ಸಿಂಗ್ ಓದಿ ಐರ್ಲೆಂಡ್, ಜರ್ಮನಿ, ಬ್ರಿಟನ್ನಿಗೆ ಹೋದವರೂ ಇವರ ನಡುವೆ ಇದ್ದಾರೆ. ರೋಗಿಯ ಹಾಸಿಗೆಯ ಪಕ್ಕ ನಿಂತವರಿಗೆ ಫೋನ್ ಆಫ್ ಮಾಡುವ ಹಕ್ಕಿನಿಂದ ಏನೂ ಆಗುವುದಿಲ್ಲ. ಅವರಿಗೆ ಬೇಕಾದದ್ದು ಜೊತೆಗೆ ಇನ್ನೊಬ್ಬ ನರ್ಸ್.

ಆ್ಯಪ್ ಮೂಲಕ ದುಡಿಯುವವರಿಗೆ ಬಾಸ್ ಅಂದರೆ ಒಂದು ಸಾಫ್ಟ್‌ವೇರ್. 2024ರ ಯುರೋಪಿನ ನಿರ್ದೇಶನವೊಂದು ಇದಕ್ಕೆ ಕೈ ಹಾಕಿದೆ. ನೌಕರರ ಮೇಲೆ ಅತಿಯಾದ ಒತ್ತಡ ಹೇರುವ, ಅವರ ದೇಹ ಮನಸ್ಸುಗಳಿಗೆ ಅಪಾಯ ತರುವ ರೀತಿಯಲ್ಲಿ ಇಂಥ ಸಾಫ್ಟ್‌ವೇರ್ ಬಳಸುವಂತಿಲ್ಲ ಎನ್ನುತ್ತದೆ ಅದು. ಸದಸ್ಯ ದೇಶಗಳು ತಮ್ಮ ಕಾನೂನಿಗೆ ಇದನ್ನು ಸೇರಿಸಲು 2026ರ ಡಿಸೆಂಬರ್ 2ರವರೆಗೆ ಗಡುವು.

ಬೇಲಿಯ ಆಚೆ ಬೆಂಗಳೂರೂ ಇದೆ. ಜರ್ಮನಿಯ ಸಂಜೆ ಐದು ಗಂಟೆ ನಮಗೆ ಬೇಸಿಗೆಯಲ್ಲಿ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ಅಲ್ಲಿನವರು ದಿನದ ಕೊನೆಗೆ ಒಂದು ಕರೆ ಮುಗಿಸಿ ಮನೆಗೆ ಹೊರಟಾಗ ಇಲ್ಲಿ ಮಕ್ಕಳು ಮಲಗುವ ಹೊತ್ತು. ಅವರ 11 ಗಂಟೆಯ ಬಿಡುವು ಕಾಯ್ದೆಯಲ್ಲಿ ಭದ್ರವಾಗಿದೆ. ಇಲ್ಲಿ ಬೆಳಿಗ್ಗೆ ಎದ್ದರೆ ಮತ್ತೆ ಸ್ಟ್ಯಾಂಡ್‌ಅಪ್ ಮೀಟಿಂಗ್ (ತಂಡದ ದಿನನಿತ್ಯದ ಚುಟುಕು ಸಭೆ). ಅಲ್ಲಿನ ನೆಮ್ಮದಿಯ ಒಂದು ಪಾಲನ್ನು ಇಲ್ಲಿನ ರಾತ್ರಿಗಳು ತೆರುತ್ತಿವೆ. ಇದನ್ನು ಹೇಳದೆ ಯುರೋಪನ್ನು ಹೊಗಳುವುದು ಅರ್ಧ ಸತ್ಯ.

ಇಲ್ಲೊಂದು ಎಳೆ ಇದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಜರ್ಮನಿಯ ಪೂರೈಕೆ ಸರಪಳಿ ಕಾಯ್ದೆ 2023ರ ಜನವರಿಯಲ್ಲಿ ಜಾರಿಗೆ ಬಂತು. ದೊಡ್ಡ ಕಂಪನಿಗಳು ತಮಗೆ ಸರಕು ಮತ್ತು ಸೇವೆ ಒದಗಿಸುವ ಹೊರದೇಶದ ಕಂಪನಿಗಳಲ್ಲೂ ಮಾನವ ಹಕ್ಕಿನ ಅಪಾಯಗಳನ್ನು ಗಮನಿಸಬೇಕು ಎನ್ನುತ್ತದೆ ಅದು. ಆ ಅಪಾಯಗಳ ಪಟ್ಟಿಯಲ್ಲಿ, ಕೆಲಸದ ಅವಧಿ ಮತ್ತು ಬಿಡುವನ್ನು ಸರಿಯಾಗಿ ಇಡದೆ ಜನರನ್ನು ದೈಹಿಕವಾಗಿ, ಮಾನಸಿಕವಾಗಿ ಅತಿಯಾಗಿ ದಣಿಸುವುದೂ ಸೇರಿದೆ. ದೂರು ಕೊಡಲು ಒಂದು ದಾರಿಯನ್ನೂ ಆ ಕಂಪನಿಗಳು ತೆರೆದಿಡಬೇಕು. ಬೆಂಗಳೂರಿನಲ್ಲಿ ಕೂತು ಜರ್ಮನ್ ಕಂಪನಿಗೆ ಸೇವೆ ಕೊಡುವವರೂ ಅದನ್ನು ಬಳಸಬಹುದು. ಈಗ ಜರ್ಮನ್ ಸರ್ಕಾರವೇ ಈ ಕಾಯ್ದೆಯನ್ನು ಸಡಿಲಿಸಲು ಹೊರಟಿದೆ. ಅದು ಪೂರ್ತಿ ಸೊರಗುವ ಮುಂಚೆ ನಮ್ಮ ಐಟಿ ನೌಕರರ ಸಂಘಗಳು ಆ ಪಟ್ಟಿಯನ್ನು ತೆಗೆದು ಓದಬೇಕು.